ರಿವೈಸ್ಡ್ ಮಾಸ್ತರು

ದಢೇಸುಗೂರು ಕ್ರಾಸಿನ ಚಹಾದಂಗಡಿಗೆ ದಿನಾ ಬೆಳಿಗ್ಗೆ ಮೊದಲ ಗಿರಾಕಿ ನಮ್ಮ ಮಾಸ್ತರು. ಅಷ್ಟೊತ್ತಿಗೆ ಮಂಡಾಳ ಒಗ್ಗರಣಿ ತಯಾರಿರುತ್ತದೆ, ಮಿರ್ಚಿಗೆ ಎಣ್ಣೆ ಇನ್ನೂ ಕಾದಿರುವುದಿಲ್ಲ. ಮಾಸ್ತರು ಬರೀ ಒಗ್ಗರಣಿ ತಿಂದು, ಕೈತೊಳೆದು, ‘ಮುಗೀತು’ ಎಂದು ಎದ್ದುಬಿಡುತ್ತಾರೆ. ಐದು ನಿಮಿಷಕ್ಕೆ ಮಿರ್ಚಿ ಬರುತ್ತದೆ. ವಾಸನೆಗೆ ಮಾಸ್ತರು ತಿರುಗಿ ಬಂದು ಕೂತು ಇನ್ನೊಂದು ತಟ್ಟೆ ಒಗ್ಗರಣಿ ಹೇಳುತ್ತಾರೆ.

ಇನ್‌ಕಮ್ ಟ್ಯಾಕ್ಸ್ ರಿಟರ್ನನ್ನೂ ಅವರು ಹೀಗೆಯೇ ಸಲ್ಲಿಸುತ್ತಾರೆ.

ಮಸ್ಕಿಯ ಕಡೆ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ನೌಕರಿಯಲ್ಲಿದ್ದಾಗ ಪರೀಕ್ಷೆಗೆ ಮೊದಲೇ ಅಂಕಪಟ್ಟಿಯ ಗೆರೆ ಹೊಡೆದಿಟ್ಟವರು. ಆಮೇಲೆ ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಡುವ ಸುದ್ದಿ ಕಿವಿಗೆ ಬಿದ್ದರೆ ಸಾಕು, ನೀರು ಬರುವ ಮೊದಲೇ ಸಸಿಮಡಿ ಹಾಕಿಸಿ ಒಣಗಿಸಿಕೊಂಡವರು. ಈ ಒಣಗಿದ ಸಸಿಮಡಿಯ ಅನುಭವದಿಂದಲೇ ಹೊಲವನ್ನು ಗುತ್ತಿಗೆಗೆ ಕೊಟ್ಟರು ಎಂದು ಊರಲ್ಲಿ ಮಾತಿದೆ.

2025ರಲ್ಲಿ ಸರ್ಕಾರ ರಿಟರ್ನಿನ ಕೊನೆಯ ದಿನವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೂಡಿತು. ಮೇ ತಿಂಗಳಲ್ಲೇ ಬಂದ ಈ ಸುದ್ದಿ ಮಾಸ್ತರಿಗೆ ವೈಯಕ್ತಿಕ ಅವಮಾನದಂತೆ ತಟ್ಟಿತು. “ಇದು ದಡ್ಡರಿಗೆ ಗ್ರೇಸ್ ಮಾರ್ಕ್ಸ್ ಕೊಟ್ಟಂಗಾತು” ಎಂದರು. ಜೂನ್ ಮೊದಲ ವಾರದಲ್ಲಿ, ಆನ್‌ಲೈನ್ ಫಾರಂ ತೆರೆಯಿತೆನ್ನುವ ದಿನವೇ, ಜೆರಾಕ್ಸ್ ಅಂಗಡಿಯ ಹುಡುಗನನ್ನು ನಾಷ್ಟಾದಿಂದ ಎಬ್ಬಿಸಿಕೊಂಡು ಹೋಗಿ ಐಟಿಆರ್-1 ಹಾಕಿಸಿದರು. ಹುಡುಗ ಅವರ ಹಳೆಯ ಶಿಷ್ಯ. ಸ್ವೀಕೃತಿ ಪತ್ರವನ್ನು ಲ್ಯಾಮಿನೇಶನ್ ಮಾಡಿಸಿ ಶರ್ಟಿನ ಕಿಸೆಗೆ ಹಿಡಿಸುವಷ್ಟು ಮಡಚಲು ನೋಡಿದರು, ಮಡಚಲಾಗಲಿಲ್ಲ. ಅಂದಿನಿಂದ ಕೈಯಲ್ಲೇ ಹಿಡಿದು ಓಡಾಡಿದರು.

ಅವಸರದವರಿಗೆ ತಿಳಿಯದ ಒಂದು ಸಂಗತಿ ಇಲ್ಲಿದೆ. ಜನವರಿಯಿಂದ ಮಾರ್ಚಿನವರೆಗೆ ಹಿಡಿದ ಟಿಡಿಎಸ್ ಲೆಕ್ಕ ಒಪ್ಪಿಸಲು ಬ್ಯಾಂಕುಗಳಿಗೆ ಮೇ 31ರವರೆಗೆ ಸಮಯವಿದೆ. ಅದಾದ ಮೇಲೆ ಟಿಡಿಎಸ್ ಪ್ರಮಾಣಪತ್ರ, ಆಗಿನ ಫಾರಂ 16ಎ, ಕೊಡಲು ಮತ್ತೆ ಹದಿನೈದು ದಿನ. ಇದೆಲ್ಲ ಹರಿದು ಬಂದು ನಮ್ಮ ವಾರ್ಷಿಕ ಮಾಹಿತಿ ಪಟ್ಟಿಗೆ, ಅಂದರೆ ಎಐಎಸ್‌ಗೆ, ಸೇರುವಾಗ ಜೂನ್ ಅರ್ಧ ಕಳೆದಿರುತ್ತದೆ. ತುಂಗಭದ್ರೆಯ ಎಡದಂಡೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡ್ಯಾಮಿನಲ್ಲಿ ಗೇಟು ಎತ್ತಿದ ದಿನವೇ ಕಾಲುವೆಯ ಕೊನೆಗೆ ನೀರು ಬಂದದ್ದನ್ನು ಇಲ್ಲಿ ಯಾರೂ ಕಂಡಿಲ್ಲ.

ಜೂನ್ ಕೊನೆಗೆ ಸಿಂಧನೂರಿನ ಒಂದು ಬ್ಯಾಂಕಿನಿಂದ 16ಎ ಬಂತು. ಟಿಡಿಎಸ್ ಹಿಡಿಯಬೇಡಿ ಎನ್ನುವ 15ಎಚ್ ಫಾರಂ ಕೊಡಲು ಮಾಸ್ತರು ಮರೆತಿದ್ದ ಠೇವಣಿ ಅದು. ಬಡ್ಡಿಗೆ ಟಿಡಿಎಸ್ ಹಿಡಿದಿದ್ದರು, ರಿಟರ್ನಿನಲ್ಲಿ ಬಡ್ಡಿಯೂ ಇಲ್ಲ, ಟಿಡಿಎಸ್ಸೂ ಇಲ್ಲ. ಹುಡುಗ ಸಮಾಧಾನ ಹೇಳಿದ: “ಚಿಂತಿ ಮಾಡಬ್ಯಾಡ್ರಿ ಸರ್ರ, ಡಿಸೆಂಬರ್ 31ರ ಮಟ ಎಷ್ಟು ಸಲ ಬೇಕಾದ್ರೂ ರಿವೈಸ್ ಮಾಡಬಹುದು.”

‘ಎಷ್ಟು ಸಲ ಬೇಕಾದರೂ’ ಎಂಬ ಮಾತನ್ನು ಅವನು ಆಡಬಾರದಿತ್ತು.

ಮಾಸ್ತರಿಗೆ ಹುರುಪು ಬಂತು. “ಹೋದ ವರ್ಷ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಕೊಂಡು ಹೋತಲ್ಲ, ಡ್ಯಾಮ್ ಹೊಸದಾಗಿ ಕಟ್ಟಿದ್ರೇನು? ಸ್ಟಾಪ್‌ಲಾಗ್ ಇಳಿಸಿದ್ರು. ಇದೂ ಹಂಗ.”

“ಹಂಗಲ್ರಿ ಸರ್ರ. ರಿವೈಸ್ಡ್ ಅಂದ್ರ ತ್ಯಾಪಿ ಅಲ್ಲ. ಹಳೇದು ಪೂರಾ ಹೋಗ್ತೈತಿ, ಅದರ ಜಾಗಕ್ಕ ಹೊಸದು ನಿಂದರ್ತೈತಿ.”

ಲ್ಯಾಮಿನೇಶನ್ ಹಿಡಿದಿದ್ದ ಕೈ ಸಣ್ಣಗೆ ನಡುಗಿತು. “ಅಂದ್ರ ನಾನು ಜೂನ್‌ನಾಗ ಹಾಕಿದ್ದು?”

“ಅದರ ನಂಬರು, ತಾರೀಖು ಹೊಸದರಾಗ ಬರೀಬೇಕ್ರಿ.”

“ತಾರೀಖು ಇರ್ತೈತೇನು?”

“ಇರ್ತೈತ್ರಿ.”

“ಅಷ್ಟು ಸಾಕು. ಹಾಕು.”

ಎರಡನೆಯ ತಟ್ಟೆ ಹೀಗೆ ಮುಗಿಯಿತು. ಇ-ವೆರಿಫೈ ಮಾಡಲು ಮೂವತ್ತು ದಿನ ಇದ್ದರೂ ಮಾಸ್ತರಿಗೆ ಮೂವತ್ತು ನಿಮಿಷ ತಡೆಯಲಾಗಲಿಲ್ಲ. ಆಧಾರಿಗೆ ಜೋಡಿಸಿದ ಮೊಬೈಲು ಮೊಮ್ಮಗನ ಕೈಯಲ್ಲಿ, ಮೊಮ್ಮಗ ಹೊಳೆದಂಡೆಯಲ್ಲಿ. ಒಟಿಪಿ ಹುಡುಕಿಕೊಂಡು ಸೇತುವೆಯವರೆಗೆ ಓಡಿದ ಇನ್ನೊಬ್ಬ ಅಸೆಸಿ ತುಂಗಭದ್ರೆಯ ಈ ದಂಡೆಯಲ್ಲಂತೂ ಇರಲಿಕ್ಕಿಲ್ಲ.

ಜುಲೈ ನಡುವೆ ಬೆಂಗಳೂರಿನ ಮಗ ಮ್ಯೂಚುವಲ್ ಫಂಡಿನ ಲಾಭದ ಲೆಕ್ಕ ಕಳಿಸಿದ. ಪಿಡಿಎಫ್ ತೆರೆಯಲಿಲ್ಲ. ಪಾಸ್‌ವರ್ಡ್ ಪ್ಯಾನ್ ನಂಬರು ಎಂದು ಮಗ ಬರೆದಿದ್ದ, ದೊಡ್ಡಕ್ಷರದಲ್ಲಿ ಎಂದು ಬರೆದಿರಲಿಲ್ಲ. ಎರಡು ದಿನ ಹೋಯಿತು. ತೆರೆದು ನೋಡಿದರೆ ಶೇರು ಫಂಡಿನ ದೀರ್ಘಾವಧಿ ಲಾಭ, ಒಂದೂಕಾಲು ಲಕ್ಷದ ಒಳಗೆ. ಆ ವರ್ಷದಿಂದ ಅಷ್ಟು ಲಾಭವನ್ನು ಐಟಿಆರ್-1ರಲ್ಲೇ ತೋರಿಸಬಹುದಿತ್ತು. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಹುಡುಗ ಕೇಳಿದ: “ಹೊಲದ್ದು ಏನರ ಬರ್ತೈತೇನ್ರಿ?”

“ಬರ್ತೈತಿ. ಆದ್ರ ಅದಕ್ಕ ಟ್ಯಾಕ್ಸ್ ಎಲ್ಲಿ ಐತಿ?”

“ಟ್ಯಾಕ್ಸ್ ಇಲ್ರಿ. ಹೇಳಬೇಕು ಮಾತ್ರ. 5,000 ದಾಟಿದ್ರ ಒಂದನೇ ಫಾರಂ ನಡೆಯಂಗಿಲ್ಲ, ಎರಡನೇದು ಬೇಕು.”

ಗುತ್ತಿಗೆ ಬರುವುದು ಎಕರೆಗೆ ಇಂತಿಷ್ಟು ಚೀಲ ನೆಲ್ಲಿನ ಲೆಕ್ಕದಲ್ಲಿ. ಪೋರ್ಟಲಿನಲ್ಲಿ ಚೀಲಕ್ಕೆ ಕಾಲಂ ಇಲ್ಲ. ಮಾಸ್ತರು ಸಿಂಧನೂರಿನ ಸೋನಾ ಮಸೂರಿ ದರ ವಿಚಾರಿಸಿ, ತೇವಾಂಶಕ್ಕೆ ಎಷ್ಟು ಕಳೆಯಬೇಕೆಂದು ಅಕ್ಕಿ ಗಿರಣಿಯವರನ್ನು ಕೇಳಿ, ಅದೇ ಪ್ರಶ್ನೆ ಹಿಡಿದು ಕೃಷಿ ಸಂಶೋಧನಾ ಕೇಂದ್ರದ ಗೇಟಿನವರೆಗೂ ಹೋಗಿ ಬಂದರು. ಮೂರನೆಯ ತಟ್ಟೆ.

ನಾಲ್ಕನೆಯದು 212 ರೂಪಾಯಿ ಡಿವಿಡೆಂಡ್. ಅಳಿಯ ಎಂದೋ ಕೊಡಿಸಿದ ಶೇರು. ಟಿಡಿಎಸ್ ಹಿಡಿದಿಲ್ಲವೆಂದರೆ ಆದಾಯವೇ ಅಲ್ಲ ಎಂದುಕೊಂಡವರು ಊರ ತುಂಬ ಇದ್ದಾರೆ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ಪಡೆದವರ ಆದಾಯಕ್ಕೇ ಸೇರುತ್ತದೆಂದು ಅವರಿಗೆಲ್ಲ ಪಾಠ ಹೇಳಿದವರು ಮಾಸ್ತರೇ. ಆದರೆ ಶೇರಿನಲ್ಲಿ ಅವರ ಹೆಸರಿನ ಜೊತೆ ತಂದೆಯ ಹೆಸರನ್ನು ಬಿಡಿಸಿ ಬರೆದಿದೆ, ಬ್ಯಾಂಕಿನಲ್ಲಿ ಇನಿಶಿಯಲ್, ಆಧಾರಿನಲ್ಲಿ ಊರಿನ ಹೆಸರೂ ಅಂಟಿಕೊಂಡಿದೆ. ಮಾಸ್ತರು ಎದೆಗುಂದಲಿಲ್ಲ.

“ತಮ್ಮಾ, ಅಶೋಕಂದೂ ಇದೇ ತ್ರಾಸು. ಎಲ್ಲಾ ಬಂಡಿ ಮ್ಯಾಲ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಕೆತ್ತಿಸ್ಯಾನ. ಯಾರಂವ ಅಂತ ಗಟ್ಟಿ ಹೇಳಾಕ ಆಗಿರಲಿಲ್ಲ. 1915ರಾಗ ಬೀಡನ್ ಅನ್ನೋ ಗಣಿ ಇಂಜಿನಿಯರ್ ಮಸ್ಕಿಗೆ ಬಂದ. ಹುಡುಕಿದ್ದು ಬಂಗಾರ, ಸಿಕ್ಕಿದ್ದು ಅಶೋಕ ಅನ್ನೋ ಹೆಸರು. ಆವಾಗ ಆತು ನೋಡು ಪ್ಯಾನ್-ಆಧಾರ್ ಲಿಂಕ್!”

ನದಿಯಾಚೆ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಅಶೋಕನ ಹೆಸರಿದೆಯಲ್ಲ ಎಂದು ನಾನು ಬಾಯಿ ಹಾಕಿದೆ.

“ಅವು ರಿವೈಸ್ಡ್” ಎಂದರು.

ಇಷ್ಟೆಲ್ಲ ಆದರೂ ಮಾಸ್ತರು ಕಟ್ಟಬೇಕಾದ ತೆರಿಗೆ ಪ್ರತಿ ಸಲವೂ ಸೊನ್ನೆ. ಹೊಸ ಪದ್ಧತಿಯಲ್ಲಿ ಆ ವರ್ಷ ಏಳು ಲಕ್ಷದವರೆಗೆ ರಿಯಾಯಿತಿ ಇತ್ತು, ಅವರ ಪೆನ್ಶನ್ನು ಬಡ್ಡಿ ಎಲ್ಲ ಕೂಡಿದರೂ ಅದರ ಹತ್ತಿರ ಸುಳಿಯುವುದಿಲ್ಲ. ವಾಪಸು ಬರುವ ಟಿಡಿಎಸ್ ಒಂದೇ ಲಾಭ. ಅದರಲ್ಲಿ ಹುಡುಗನ ಫೀಜು, ಸಿಂಧನೂರಿನ ಬಸ್ಸು, ಲ್ಯಾಮಿನೇಶನ್ ಕಳೆದರೆ ಉಳಿಯುವುದೆಷ್ಟು ಎಂದು ನಾನು ಕೇಳಿಲ್ಲ. ಸ್ನೇಹ ಬೇಕಲ್ಲ.

ಸೆಪ್ಟೆಂಬರ್ 15ರಂದು ಜೆರಾಕ್ಸ್ ಅಂಗಡಿಯ ಮುಂದೆ ಪಾಳಿ. ಪೋರ್ಟಲು ಗರಗರ ತಿರುಗುತ್ತಲೇ ಇತ್ತು. ಮಾಸ್ತರು ಬೆಂಚಿನ ಮೇಲೆ ಕಾಲುಮೇಲೆ ಕಾಲು ಹಾಕಿ ಕೂತು ಎಲ್ಲರಿಗೂ ಕೇಳುವಂತೆ, “ನಾವು ಜೂನ್‌ನಾಗೇ ಮುಗಿಸೀವಪ್ಪ” ಎನ್ನುತ್ತಿದ್ದರು. ಅವರ ಮೂರನೆಯ ಪರಿಷ್ಕರಣೆಯ ಕಾಗದ ಆಗ ಪ್ರಿಂಟರಿನಿಂದ ಹೊರಬರುತ್ತಿತ್ತು. ಆ ರಾತ್ರಿ ಸರ್ಕಾರ ಇನ್ನೂ ಒಂದು ದಿನ ಕೊಟ್ಟಿತು. ಮಾಸ್ತರು ಮರುದಿನ ಒಗ್ಗರಣಿ ಮುಟ್ಟಲಿಲ್ಲ.

ಪಾಳಿಯಲ್ಲಿ ನಿಂತವರಲ್ಲಿ ನಾನೂ ಇದ್ದೆ. ಕಾಗದವೆಲ್ಲ ಬಂದಿದ್ದವು, ಒಂದೇ ಸಲಕ್ಕೆ ಮುಗಿಯಿತು. ಮಾಸ್ತರು ನನ್ನನ್ನು ನಾಪಾಸಾದ ಹುಡುಗನನ್ನು ನೋಡಿದ ಹಾಗೆ ನೋಡಿದರು.

ಜನವರಿ ಎರಡನೆಯ ವಾರ. ಸೊಸೈಟಿಯವರು ಉಳಿತಾಯದ ಬಡ್ಡಿಯ ಚೀಟಿ ಕೊಟ್ಟು ಹೋದರು: 38 ರೂಪಾಯಿ. ಮಾಸ್ತರು ಚೀಟಿ ಹಿಡಿದು ಅಂಗಡಿಗೆ ಬಂದರು. ಹುಡುಗ ತಲೆಯಾಡಿಸಿದ.

“ರಿವೈಸ್ ಬಾಗಲ ಮುಚ್ಚೇತ್ರಿ ಸರ್ರ.”

“ಅಪ್‌ಡೇಟೆಡ್ ಅಂತ ಒಂದು ಐತಲ್ಲೋ, ನಾಕು ವರ್ಷದ ಮಟ?”

“ಅದು ಟ್ಯಾಕ್ಸ್ ಬಾಕಿ ಇದ್ದೋರಿಗೆ. ಮ್ಯಾಲ ಇಪ್ಪತ್ತೈದು ಪರ್ಸೆಂಟಿನಿಂದ ದಂಡ ಶುರು. ನಿಮ್ಮದು ಸೊನ್ನಿ.”

ಮಾಸ್ತರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು.

“ಹಂಗಾದ್ರ ಎರಡು ಜೆರಾಕ್ಸ್ ತೆಗಿ,” ಎಂದರು. “ಹಿಂದೂ ಮುಂದೂ.”