ನಾಗಪುರದಾಗ ನಾಗರಾಜ

ಭಾನುವಾರ ಸೀತಾಬರ್ಡಿಯಿಂದ ರಾಜ್ ಕಾಮಿಕ್ಸಿನ ಹಳೇ ಸಂಪುಟವೊಂದನ್ನು ತಂದಿದ್ದೆ. ಧಾರವಾಡದಿಂದ ಬಂದಿದ್ದ ಮಾಮಾ ಚಾಳೀಸು ಏರಿಸಿದರು.

“ಏನಪಾ ಇದು?”

“ನಾಗರಾಜ, ಸೂಪರ್ ಕಮಾಂಡೋ ಧ್ರುವ. ಇಬ್ಬರೂ ಕೂಡಿ ದುಷ್ಟರನ್ನ ಬಡೀತಾರ, ಮಾಮಾ.”

“ಮತ್ತ ಇಪ್ಪತ್ತು ಪುಟ ತಾವತಾವ ಯಾಕ ಬಡಿದಾಡ್ಯಾರ?”

“ತಪ್ಪು ತಿಳಕೊಂಡಿರ್ತಾರ. ಆಮ್ಯಾಲೆ ದೋಸ್ತಿ.”

“ಹಂಗಾರ ಸಮ್ಮಿಶ್ರ ಸರಕಾರ ಅನ್ನು. ಇವನ ಮೈತುಂಬ ಹಾವೇನು?”

“ಹೂಂ, 1986ರಿಂದ ಬಿಡ್ಲಿಕ್ಕತ್ತಾನ.”

“ಈ ಹಳದಿ-ನೀಲಿ ಹುಡುಗ?”

“ಧ್ರುವ. 1987ರಾಗ ಬಂದಾಂವ. ಸರ್ಕಸ್ಸಿನ ಕೂಸು. ಮಂತ್ರಶಕ್ತಿ ಗಿಂತ್ರಶಕ್ತಿ ಇಲ್ಲ. ಬುದ್ಧಿ, ಮೋಟಾರ್ ಸೈಕಲ್ಲು, ಅಷ್ಟ.”

“ಅಂದ್ರ ದುಡಿಯಾಂವ ಇಂವ, ಹೆಸರು ಹಾವಿನವಂದು. ನಮ್ಮ ಆಫೀಸಿನಾಗೂ ಹಿಂಗ ಇತ್ತು.”

ಸಂತ್ರಾ ಸುಲಿಯುತ್ತಿದ್ದ ಅತ್ತಿ ತಲೆ ಎತ್ತಿದರು: “ನಾಗಪುರದಾಗ ಕುಂತು ನಾಗರಾಜನ್ನ ಬೈಬ್ಯಾಡ್ರಿ.”

“ಊರಿಗೆ ಹೆಸರು ಬಂದದ್ದು ನಾಗ ನದಿಯಿಂದ, ಈ ಹಸಿರು ಮನುಷ್ಯಾನಿಂದಲ್ಲ!”

“ಹುಡುಗರ ಪುಸ್ತಕ, ಹುಡುಗರಿಗೆ ಕೊಡ್ರಿ ಮತ್ತ.”

ಮಾಮಾ ಕೊಡಲಿಲ್ಲ. ಊಟ ಆರಿತು, ಸಂಜೆ ಚಹಾನೂ ಆರಿತು. ಸಂಪುಟಕ್ಕೆ ಕೊನೇ ನಾಲ್ಕು ಪುಟ ಇರಲಿಲ್ಲ.

“ಥೂ, ಭಿಕಾರ ಪುಸ್ತಕ!” ಎಂದು ಚಪ್ಪಲಿ ಮೆಟ್ಟಿ, ಇನ್ನೊಂದು ಪ್ರತಿ ಹುಡುಕಲು ಸೀತಾಬರ್ಡಿಗೆ ಹೊರಟೇಬಿಟ್ಟರು.