ಬಿಸಿಲಿಗೆ ಬಾರ್ಬಡೋಸ್

(ಮಧುಗಿರಿಯ ಮನೆ. ಕಿಟಕಿ ತುಂಬ ಏಕಶಿಲಾ ಬೆಟ್ಟ. ನ್ಯೂಜೆರ್ಸಿಯಿಂದ ಮಗನ ವಿಡಿಯೊ ಕಾಲ್.)

ಮಗ: ಅಮ್ಮ, ಸಂಕ್ರಾಂತಿಗೆ ಬರಕ್ಕಾಗಲ್ಲ. ಇರೋ ರಜೆಯಲ್ಲಿ ಎಲ್ಲರೂ ಬಾರ್ಬಡೋಸ್‌ಗೆ ಹೋಗ್ತಿದ್ದೀವಿ.

ಅಮ್ಮ: ಅಲ್ಲೇನಪ್ಪ ಐತೆ?

ಮಗ: ಬಿಸಿಲು!

ಅಮ್ಮ: ಬಿಸಿಲಿಗೂ ದುಡ್ಡು ಕೊಡ್ತೀಯಾ? ಪಾವಗಡದಾಗೆ 13,000 ಎಕರೆಗೆ ಸೋಲಾರ್ ಹಾಸಿ 2,050 ಮೆಗಾವ್ಯಾಟ್ ಕರೆಂಟ್ ತೆಗೀತಾರೆ. ಬಿಸಿಲು ಬೀಳೋ ಹೊಲಕ್ಕೆ ನಿನ್ನ ಸೋದರಮಾವಂಗೇ ಅವರು ಗುತ್ತಿಗೆ ಕೊಡ್ತಾರೆ ಕಣೋ. ಎಕರೆಗೆ ವರ್ಷಕ್ಕೆ 21,000 ಅಂತ ಶುರುವಾಗಿದ್ದು.

ಮಗ: ಮಕ್ಕಳಿಗೆ ಸಮುದ್ರ ತೋರಿಸ್ಬೇಕಮ್ಮ.

ಅಮ್ಮ: (ಯೋಚಿಸಿ) ಶಿರಾ ಕೆರೆ ಐತೆ. ಹೇಮಾವತಿ ನೀರು ಬಿಟ್ರೆ ಸಮುದ್ರಾನೇ.

ಮಗ: ಹಕ್ಕಿಗಳು?

ಅಮ್ಮ: ಕಗ್ಗಲಡು ಹುಣಸೆಮರಕ್ಕೆ ಬಣ್ಣದ ಕೊಕ್ಕರೆ ವರ್ಷಾವರ್ಷ ಬಂದು ಮರಿ ಮಾಡ್ತವೆ. ಅವಕ್ಕೆ ರಜಾ ಸಿಗ್ತದೆ, ನಿಂಗೆ ಸಿಗಲ್ಲ.

ಮಗ: ಮುಂದಿನ ವರ್ಷ ಗ್ಯಾರಂಟಿ.

(ಈ ಗ್ಯಾರಂಟಿಗೆ ಸರ್ಕಾರ ಹೊಣೆಯಲ್ಲ.)

ಅಮ್ಮ: ಕೊರಟಗೆರೆಯಿಂದ ನಿಮ್ಮತ್ತೆ ಅವರೆಕಾಯಿ ಕಳಿಸವ್ಳೆ. ಹಿದುಕಿದ ಬೇಳೆ ಸಾರು ಯಾರಿಗೆ ಮಾಡ್ಲಿ?

ಮಗ: ರೆಸಾರ್ಟಲ್ಲಿ ಊಟ ಫ್ರೀ ಅಮ್ಮ...

(ಕಾಲ್ ಕಟ್. ನೆಟ್‌ವರ್ಕೋ, ಅಮ್ಮನೋ ತಿಳಿಯದು.)

ಓದುಗರಲ್ಲಿ ಕೋರಿಕೆ: ತುಮಕೂರು ಜಿಲ್ಲೆಯಿಂದ ಯಾರಾದರೂ ಬಾರ್ಬಡೋಸ್‌ಗೆ ಹೊರಟಿದ್ದರೆ ದಯವಿಟ್ಟು ತಿಳಿಸಿ. ಕಾಲು ಕೆಜಿ ಎಳ್ಳು-ಬೆಲ್ಲ ತಲುಪಿಸಬೇಕಿದೆ.