ಮದ್ದೂರು ವಡೆಯ ಕರಾವಳಿ

ಶನಿವಾರ ಬೆಳಗ್ಗೆ ಬೆಂಗಳೂರು ಬಿಟ್ಟು ಮಳವಳ್ಳಿ ಕಡೆಯ ತನ್ನ ಹಳ್ಳಿಗೆ ಹೊರಟ ನಕ್ಷೆಗಾರನನ್ನು ಮದ್ದೂರಿನ ಹೋಟೆಲಿನಲ್ಲಿ ಗುರುತಿಸುವುದು ಸುಲಭ. ಉಳಿದವರು ವಡೆ ಬಂದ ತಕ್ಷಣ ಮುರಿಯುತ್ತಾರೆ. ಈತ ತಟ್ಟೆಯನ್ನು ಬೆಳಕಿಗೆ ತಿರುಗಿಸಿ, ಕುರ್ಚಿಯಿಂದ ಅರ್ಧ ಎದ್ದು, ಮೊಬೈಲನ್ನು ನೆಟ್ಟಗೆ ಮೇಲೆ ಹಿಡಿದು ಫೋಟೊ ತೆಗೆಯುತ್ತಾನೆ. ಇನ್‌ಸ್ಟಾಗ್ರಾಮಿಗೆ ಇರಬೇಕು ಅಂದುಕೊಂಡು ಸಪ್ಲೈಯರ್ ತಲೆ ಬಾಚಿಕೊಂಡು ಪಕ್ಕಕ್ಕೆ ಬರುತ್ತಾನೆ. ಇವನಿಗೆ ಬೇಕಾದದ್ದು ವಡೆಯ ಅಂಚು ಮಾತ್ರ.

ಇಲ್ಲದ ದೇಶದ ನಕ್ಷೆ ಬರೆಯುವವರಿಗೆ ಮೊದಲು ಕೈ ಕೊಡುವುದೇ ಕರಾವಳಿ. ಮನಸ್ಸಿಗೆ ಬಂದಂತೆ ಗೀಚಿದರೆ ಎಲ್ಲ ದೇಶವೂ ಆಲೂಗಡ್ಡೆ ಆಗಿಬಿಡುತ್ತದೆ. ಪರದೇಶದ ಹವ್ಯಾಸಿಗಳು ಕಾಗದದ ಮೇಲೆ ಅಕ್ಕಿ ಚೆಲ್ಲಿ ಅದರ ಸುತ್ತ ಗೆರೆ ಎಳೆಯುವುದುಂಟು. ಅಕ್ಕಿ ಚೆಲ್ಲಿದರೆ ಇವನ ಅವ್ವ ಸುಮ್ಮನಿರುವ ಪೈಕಿ ಅಲ್ಲ. ಹಾಗಾಗಿ ವಡೆ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಕಲಸಿ ಕೈಯಲ್ಲಿ ತಟ್ಟಿದ್ದು. ಒಂದರ ಅಂಚು ಇನ್ನೊಂದಕ್ಕಿಲ್ಲ. ಕೊಲ್ಲಿ, ಭೂಶಿರ, ಹಿನ್ನೀರು ಎಲ್ಲವೂ ಬಾಣಲೆಯಲ್ಲೇ ತಯಾರು. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬುವರು ರೈಲಿನ ಅವಸರಕ್ಕೆ ಪಕೋಡದ ಹಿಟ್ಟನ್ನೇ ತಟ್ಟಿ ಕರಿದದ್ದು ಈ ವಡೆಯಾಯಿತು ಎನ್ನುತ್ತಾರೆ. ಅದು ಒಂದು ದಿನ ಖಂಡವಾದೀತು ಎಂದು ಅವರಿಗೆ ಹೊಳೆದಿರಲಾರದು.

ಕೋಟೆ, ಕಾಡುಗಳ ಅಚ್ಚು ಒತ್ತಿಕೊಂಡು ಹೋಗಲು ಇನ್ಕಾರ್ನೇಟ್, ವಂಡರ್‌ಡ್ರಾಫ್ಟ್ ಎಂಬ ತಂತ್ರಾಂಶಗಳಿವೆ, ಚಂದವಾಗಿಯೂ ಬರುತ್ತದೆ. ನಕ್ಷೆಗಾರನಿಗೆ ಅವೆಲ್ಲ ಮದುವೆ ಮನೆಯ ರಂಗೋಲಿ. ಅವನದೇನಿದ್ದರೂ ಕ್ಯೂಜಿಐಎಸ್. 2002ರಲ್ಲಿ ಗ್ಯಾರಿ ಶರ್ಮನ್ ಎಂಬಾತ ಶುರು ಮಾಡಿದ, ಕಾಸು ಕೇಳದ, ನಿಜವಾದ ಭೂಮಿಯನ್ನು ಅಳೆಯುವವರ ತಂತ್ರಾಂಶ. ಅದರ ಜಿಯೋರೆಫರೆನ್ಸರ್‌ನಲ್ಲಿ ವಡೆಯ ಫೋಟೊ ತೆರೆದು, ಅಂಚಿನ ನಾಲ್ಕಾರು ಕಡೆ ಗುರುತು ಹಾಕಿ, ಒಂದೊಂದಕ್ಕೂ ಅಕ್ಷಾಂಶ ರೇಖಾಂಶ ಕೊಟ್ಟರೆ ವಡೆ ಭೂಗೋಳದ ಮೇಲೆ ಕೂರುತ್ತದೆ. ಇವನು ಅದನ್ನು ಮಂಗಳೂರಿನ ಪಶ್ಚಿಮಕ್ಕೆ, ಅರಬ್ಬಿ ಸಮುದ್ರದಲ್ಲಿ ಇಳಿಸಿದ. ಅಲ್ಲಾದರೆ ಯಾರ ಜಮೀನೂ ಅಡ್ಡ ಬರುವುದಿಲ್ಲ.

ರಾತ್ರಿ ಊಟದ ಹೊತ್ತಿಗೆ ಅಪ್ಪ ಲ್ಯಾಪ್‌ಟಾಪ್ ಕಡೆ ಕತ್ತು ಚಾಚಿದರು.

‘ಏನ್ಲಾ ಅದು?’

‘ದೇಶ ಕಣಪ್ಪಾ. ನಾನೇ ಮಾಡಿದ್ದು. ನಮ್ಮ ಮಂಡ್ಯ ಜಿಲ್ಲೆಯಷ್ಟೇ ಐತೆ.’

‘ಎಷ್ಟಾಯ್ತದೆ ಒಟ್ಟು?’

ಮಗ ವಿಸ್ತೀರ್ಣ ಕೇಳಿದ. ಪರದೆ 0.41 ಎಂದಿತು. ‘ಅರ್ಧ ಎಕ್ರೆನೂ ಇಲ್ವಲ್ಲೋ. ಅದ್ರಲ್ಲಿ ರಾಜ ಬೇರೆ ಅವ್ನಾ?’ ಎಂದು ಅಪ್ಪ ಮುದ್ದೆಗೆ ಕೈ ಹಾಕಿದರು.

ಎಲ್ಲ ಹೊಸಬರೂ ಜಾರುವ ಜಾಗ ಇದು. ಅಕ್ಷಾಂಶ ರೇಖಾಂಶದ ಲೆಕ್ಕದಲ್ಲೇ ಬಿಟ್ಟು ಬರೀ ಆಕೃತಿಯ ವಿಸ್ತೀರ್ಣ ಕೇಳಿದರೆ ಉತ್ತರ ಬರುವುದು ಚದರ ಡಿಗ್ರಿಯಲ್ಲಿ. ಚದರ ಡಿಗ್ರಿಯಲ್ಲಿ ಯಾರೂ ರಾಗಿ ಬಿತ್ತುವುದಿಲ್ಲ. ಪದರವನ್ನು ಯುಟಿಎಂ 43 ಉತ್ತರ ವಲಯಕ್ಕೆ, ಅಂದರೆ ಮೀಟರ್ ಲೆಕ್ಕಕ್ಕೆ ಬದಲಿಸಿದ ಮೇಲೆ ದೇಶ ಸುಮಾರು 4,960 ಚದರ ಕಿಲೋಮೀಟರಿಗೆ ಹಿಗ್ಗಿತು. 12 ಲಕ್ಷ 25 ಸಾವಿರ ಎಕರೆ ಎಂದು ಮಗ ಹೆಮ್ಮೆಯಿಂದ ಘೋಷಿಸಿದ.

‘ಪೋಡಿ ಆಗೈತಾ?’ ಎಂದರು ಅಪ್ಪ. ಮನೆಯ ಎರಡೆಕರೆ ಹತ್ತು ಗುಂಟೆಗೆ ಸರ್ವೆಯವರ 11ಇ ಸ್ಕೆಚ್ಚಿಗೆ ಅರ್ಜಿ ಹಾಕು ಎಂದು ಯುಗಾದಿಯಿಂದ ಹೇಳುತ್ತಿದ್ದರು. ಹನ್ನೆರಡು ಲಕ್ಷ ಎಕರೆಯ ಒಡೆಯನಿಗೆ ಪುರುಸೊತ್ತಾಗಿರಲಿಲ್ಲ.

ಬೆಟ್ಟಗಳನ್ನು ನಕ್ಷೆಗಾರ ಕಡ ತರುತ್ತಾನೆ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದ ನೆಲದ ಎತ್ತರ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಅದರಿಂದ ಪಾಂಡವಪುರದ ಕುಂತಿಬೆಟ್ಟವನ್ನು ಕತ್ತರಿಸಿ ವಡೆಯ ನಡುವೆ ನೆಟ್ಟ. ನೆರಳು ಕೊಡುವಾಗ ಬೆಳಕು ವಾಯವ್ಯದಿಂದ, 315 ಡಿಗ್ರಿಯಿಂದ ಬೀಳಬೇಕು. ನಮ್ಮ ಕಣ್ಣು ಎಡ ಮೇಲ್ಮೂಲೆಯ ಬೆಳಕಿಗೆ ಒಗ್ಗಿಹೋಗಿದೆ. ಇವನು ಹೊಸತನಕ್ಕೆಂದು ಆಗ್ನೇಯದಿಂದ ಬಿಟ್ಟ. ಬೆಟ್ಟ ಒಳಗೆ ಕುಸಿದು ಕಲ್ಲುಗಣಿ ಆಯಿತು.

ಊರ ಹೆಸರುಗಳ ಪಟ್ಟಿಯನ್ನು ಹಳೆಯ ನುಡಿ ಫಾಂಟಿನಲ್ಲಿ ಕುಟ್ಟಿದ್ದ. ಯುನಿಕೋಡ್ ಅಲ್ಲದ್ದರಿಂದ ನಕ್ಷೆಯಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಮೂಡಿತು. ಸ್ನೇಹಿತರು ಅದನ್ನೇ ಯಕ್ಷಭಾಷೆ ಎಂದು ಮೆಚ್ಚಿಕೊಂಡರು. ಸರಿಪಡಿಸಿದ ಮೇಲೆ ಕಂಡದ್ದು ಜಾರ್ಗೋತ್, ಎಲ್ಡೂರಿಯಾ. ದೊಡ್ಡಿ, ಕೊಪ್ಪಲು, ಗೆರೆ ಎಂದು ಮುಗಿಯುವ ಹೆಸರುಗಳ ನಡುವೆ ಹುಟ್ಟಿದವನಿಗೆ ಇದೇನು ಬಡತನವೋ. ಗೆಜ್ಜಲಗೆರೆ, ಕಿರುಗಾವಲು, ಬೆಳಕವಾಡಿ: ಯಾವ ಮಾಂತ್ರಿಕನ ರಾಜಧಾನಿಗೆ ಇವು ಕಮ್ಮಿ? ಮೈಸೂರಿನಲ್ಲಿ ಬದುಕಿದ ಆರ್.ಕೆ. ನಾರಾಯಣ್ 1935ರ ಕಾದಂಬರಿಯಲ್ಲಿ ಇಲ್ಲದ ಊರಿಗೆ ಮಾಲ್ಗುಡಿ ಎಂಬ ಹೆಸರಿಟ್ಟದ್ದೇ ತಡ, ಜನ ಅದನ್ನು ಇಂದಿಗೂ ಹುಡುಕುತ್ತಿದ್ದಾರೆ.

ನಿಜವಾದ ಜಟಾಪಟಿ ನಡೆದದ್ದು ಭಾನುವಾರ, ನದಿಯ ಮೇಲೆ.

‘ನದಿ ಕೂಡ್ತವೆ ಅಪ್ಪಾ, ಒಡೆದು ಎಲ್ಡಾಗಲ್ಲ. ನಕ್ಷೆ ಬರೆಯೋರ ಮೊದಲ್ನೇ ರೂಲೇ ಅದು.’

‘ಹಂಗಾರೆ ಗಗನಚುಕ್ಕಿ ಈ ಕಡೀಕೆ, ಭರಚುಕ್ಕಿ ಆ ಕಡೀಕೆ ಹೆಂಗ್ ಬಂತ್ಲಾ? ಮಧ್ಯರಂಗನ ಗುಡಿ ಗಾಳೀಲಿ ನಿಂತೈತಾ?’

ಶ್ರೀರಂಗಪಟ್ಟಣದಲ್ಲೂ ಶಿವನಸಮುದ್ರದಲ್ಲೂ ಕಾವೇರಿ ಸೀಳಿಕೊಂಡು ನಡುಗಡ್ಡೆ ಬಳಸಿ ಮತ್ತೆ ಕೂಡುತ್ತಾಳೆ. ಕೂಡದೆ ಎರಡು ದಿಕ್ಕಿಗೆ, ಎರಡು ಸಮುದ್ರಕ್ಕೆ ಹೋಗುವುದು ಮಾತ್ರ ತೀರ ಅಪರೂಪ. ರೂಲು ಹೇಳುವುದು ಅಷ್ಟನ್ನೇ. ಮಗ ಇದನ್ನು ವಿವರಿಸುವಷ್ಟರಲ್ಲಿ ಅಪ್ಪ ವಿ.ಸಿ. ನಾಲೆಗೆ ಬಂದಿದ್ದರು. ಕೆಆರ್‌ಎಸ್ ನೀರು ಹುಲಿಕೆರೆಯಲ್ಲಿ ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಹೊಕ್ಕು, ದಿಣ್ಣೆಯ ಈಚೆ ಎದ್ದು, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ಬರುತ್ತದೆ. ಅದಿಲ್ಲದಿದ್ದರೆ ಕಬ್ಬಿಲ್ಲ, ಕಬ್ಬಿಲ್ಲದಿದ್ದರೆ 1933ರ ಸಕ್ಕರೆ ಕಾರ್ಖಾನೆಯೂ ಇಲ್ಲ, ಮಂಡ್ಯ ಈ ಪಾಟಿ ಬೆಳೆಯುತ್ತಲೂ ಇರಲಿಲ್ಲ. ಮಗನ ಎಲ್ಡೂರಿಯಾ ಬಂಡೆಯ ಮೇಲೆ, ನೀರಿಲ್ಲದ ಕಡೆ, ನೋಡಲು ಚಂದ ಅಂತ ಕೂತಿತ್ತು.

‘ಇಲ್ಲಿಂದ ಒಂದು ನಾಲೆ ತೆಗಿ. ಕೊನೆ ಭಾಗ ಯಾವ್ದು?’

ಮಗ ತೆಂಕಲ ತುದಿ ತೋರಿಸಿದ. ಅಪ್ಪ ಕನ್ನಡಕ ಸರಿಮಾಡಿಕೊಂಡು ಆ ತುದಿಯ ಮೂರು ಚುಕ್ಕಿಗಳನ್ನು ನೆಂಟರಂತೆ ನೋಡಿದರು. ಅವರದೂ ನಾಲೆಯ ಕೊನೆ ಭಾಗದ ಗದ್ದೆಯೇ. ‘ಮೇಲ್ಗಡೆಯೋರು ಬುಟ್ರೆ ತಾನೆ ಇವರಿಗೆ ನೀರು. ತೂಬಿನ ಹತ್ರ ನೀರುಗಂಟಿ ಯಾರವ್ನೆ?’

ಮಗ ಯೋಚಿಸಿದ. ಕುಂತಿಬೆಟ್ಟದ ಗುಹೆಯಲ್ಲಿ ಕೆಲಸವಿಲ್ಲದೆ ಮಲಗಿದ್ದ ಬೆಂಕಿಯುಗುಳುವ ಡ್ರ್ಯಾಗನನ್ನು ಎಳೆದು ತಂದು ತೂಬಿನ ಪಕ್ಕ ಕೂರಿಸಿದ.

ಅಪ್ಪ ಅದನ್ನು ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ಅವ್ವನಿಗೆ ಕೇಳದ ಹಾಗೆ ದನಿ ತಗ್ಗಿಸಿ, ‘ಇದು ರಾತ್ರಿ ಎಷ್ಟೊತ್ಗೆ ಮಲಗ್ತದ್ಲಾ?’ ಎಂದರು.